ಕಾಗೆ ಮುಟ್ಟದ ಎಲೆ

ಡಿಸೆಂಬರಿನ ಎಳೆಬಿಸಿಲು. ಊರಲ್ಲಿದ್ದಿದ್ದರೆ ಚಂದ್ರಬಾಯಿ ಈ ಹೊತ್ತಿಗೆ ಕೊಯ್ಲು ಮುಗಿದ ಗದ್ದೆಯಲ್ಲಿ ಸೌತೆಬಳ್ಳಿಗೆ ಕೊಡದಿಂದ ನೀರು ಹೊಯ್ಯುತ್ತಿದ್ದಳು. ಮಹಾನಗರದಲ್ಲಿ, ಸೀವುಡ್ಸ್‌ನ ಮಗಳ ಮನೆಯಲ್ಲಿ, ನೀರು ಹೊಯ್ಯಲು ಇದ್ದದ್ದು ಒಂದು ತುಳಸಿ ಕುಂಡ. ಆ ಕೆಲಸ ಏಳು ಗಂಟೆಗೇ ಮುಗಿದಿತ್ತು. ಕ್ರಿಸ್ಮಸ್ ರಜೆಗೆಂದು ತಾಯಿಯನ್ನು ಕರೆಸಿಕೊಂಡ ರಮಿತಾಳಿಗೆ ರಜೆ ನಾಳೆಯಿಂದ. "ಬೋರ್ ಆದ್ರೆ ಕೆಳಗೆ ಗಾರ್ಡನ್‌ನಲ್ಲಿ ಕೂತ್ಕೊ ಅಮ್ಮ. ಸ್ಟೇಷನ್ ಮಾತ್ರ ದಾಟ್ಬೇಡ, ಆಯ್ತಾ?" ಎಂದು ಹೇಳಿ ಅವಳು ಮಹಾಪೆಯ ಆಫೀಸಿಗೆ ಹೋದಳು. ಒಂಬತ್ತೂವರೆಗೆ ಚಂದ್ರಬಾಯಿ ಸ್ಟೇಷನ್ ದಾಟಿದಳು.

ಹಿಂದಿರುಗುವಾಗ ತಪ್ಪಬಾರದೆಂದು ಗದ್ದೆಯ ಹುಣಿ-ಬದು ಗುರುತಿಟ್ಟುಕೊಂಡಂತೆ ತಿರುವುಗಳನ್ನು ಗುರುತಿಟ್ಟುಕೊಂಡಳು: ಚಪ್ಪಲಿ ಹೊಲಿಯುವವನು, ಗಿಳಿ ಪಂಜರ ತೂಗುಹಾಕಿದ ಮೆಡಿಕಲ್ಲು, ಮುರಿದ ನಲ್ಲಿ. ನಾಲ್ಕನೆಯ ತಿರುವಿನಲ್ಲಿ ಒಂದು ಓಣಿ. ತಲೆಯ ಮೇಲೆ ಕಾಗದದ ನಕ್ಷತ್ರಗಳು. ಓಣಿಯ ಕೊನೆಗೆ ತಾಡಪಾಲಿನ ಕೆಳಗೆ, ಕೆಂಪು ಕ್ರಿಸ್ಮಸ್ ಟೊಪ್ಪಿ ಹಾಕಿಕೊಂಡ ಗಂಡಸೊಬ್ಬ ತಲೆ ತಗ್ಗಿಸಿ ಕರ್ಜಿಕಾಯಿಯಂಥ ನೆವರಿ ಮಡಿಸುತ್ತಿದ್ದ. ಪಕ್ಕದ ಬಾಣಲೆಯಲ್ಲಿ ಎಣ್ಣೆ ಕಾದಿತ್ತು.

ಊರಲ್ಲಿ ಕ್ರಿಸ್ಮಸ್ ಹತ್ತಿರವಾದಾಗ ಚಂದ್ರಬಾಯಿಯ ಅಮ್ಮ ಪಕ್ಕದ ಬಾಯಮ್ಮನ ಮನೆಗೆ ನೆವರಿ ಮಾಡಿಕೊಡಲು ಹೋಗುತ್ತಿದ್ದಳು. ಉಳಿದವರು ಅಂಚನ್ನು ಚಕ್ರದಿಂದ ಕತ್ತರಿಸಿದರೆ ಅಮ್ಮ ಬೆರಳಿನಿಂದಲೇ ಮಡಿಸುವಳು. ಐದು ಮಡಿಕೆಗೊಮ್ಮೆ ಒಂದು ಚಿವುಟು. ಅದು ಏಕೆಂದು ಅವಳಿಗೂ ಗೊತ್ತಿರಲಿಲ್ಲ. ಚಂದ್ರಬಾಯಿ ಆ ಗಂಡಸಿನ ಬೆರಳನ್ನೇ ನೋಡಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಚಿವುಟು. ಅವಳ ಕಾಲು ಅಲ್ಲೇ ನಿಂತಿತು.

"ಬೋಲೋ ಮಾವ್ಶಿ, ಪಾವ್ ಕಿಲೋ?" ಎಂದ, ತಲೆ ಎತ್ತದೆ.

"ಐದು ಮಡಿಕೆಗೊಂದು ಚಿವುಟು ನಿನಗೆ ಯಾರು ಹೇಳಿಕೊಟ್ಟದ್ದು?"

ಅವನು ತಲೆ ಎತ್ತಿದ. ಗಡ್ಡ ಬೆಳ್ಳಗಾಗಿತ್ತು. ಎಡ ಹುಬ್ಬಿನ ಮೇಲೆ, ಅವಳೇ ಚಿಕ್ಕಂದಿನಲ್ಲಿ ತೊಟ್ಟಿಲಿನಿಂದ ಬೀಳಿಸಿದ್ದರಿಂದಾದ ಕಲೆ.

"ಅಕ್ಕ," ಎಂದ ದೇಜಪ್ಪ.

ಇಪ್ಪತ್ತು ವರ್ಷದ ಹಿಂದೆ ಕಲ್ಯಾಣದಲ್ಲಿ ಮಳೆನೀರು ಏರಿದ ರಾತ್ರಿ, ಅವನು ಅಡುಗೆಗಿದ್ದ ಕ್ಯಾಂಟೀನು ಮುಳುಗಿತ್ತು. ಜೊತೆಗಿದ್ದವನೊಬ್ಬ ಅವನ ಟ್ರಂಕನ್ನು ಊರಿಗೆ ತಂದು, ಕಣ್ಣೆದುರೇ ಕೊಚ್ಚಿಕೊಂಡು ಹೋದ ಎಂದಿದ್ದ. ಹೆಣ ಸಿಗಲಿಲ್ಲ. ಮೂರು ತಿಂಗಳು ಕಾದು ಚಂದ್ರಬಾಯಿಯೇ ಮುಂದೆ ನಿಂತು ತಮ್ಮನ ಬೊಜ್ಜ, ಉತ್ತರಕ್ರಿಯೆ, ಮಾಡಿಸಿದ್ದಳು.

ಅವಳು ತಾಡಪಾಲಿನ ಕಂಬ ಹಿಡಿದುಕೊಂಡಳು. "ನೀನು ಬದುಕಿದ್ದಿಯಾ? ಎಲ್ಲಿ ಸತ್ತಿದ್ದಿ ಇಷ್ಟು ವರ್ಷ?"

"ಕಾಲು ಮುರಿದು ಮುಂಬ್ರಾದಲ್ಲಿ ಬಿದ್ದಿದ್ದೆ ಅಕ್ಕ, ಐದು ತಿಂಗಳು. ಎದ್ದ ಮೇಲೆ ಕ್ಯಾಂಟೀನಿನಲ್ಲಿ ಜೊತೆಗಿದ್ದ ನಮ್ಮೂರ ಕಮಲಾಕ್ಷನಿಗೆ ಫೋನ್ ಮಾಡಿದೆ. ಅವ ಹೇಳಿದ, ಮಾರಾಯ, ನಿನ್ನ ಬೊಜ್ಜದ ಊಟ ಉಂಡು ಬಂದಿದ್ದೇನೆ, ಪಾಯಸ ಲಾಯ್ಕ ಇತ್ತು ಅಂತ." ನಗಲು ನೋಡಿದ, ಆಗಲಿಲ್ಲ. "ಬೊಜ್ಜ ಆದವನು ಹೊಸ್ತಿಲು ದಾಟಿದರೆ ಮನೆಯಿಂದ ಇನ್ನೊಂದು ಜೀವ ಹೋಗ್ತದಂತಲ್ಲ. ಆಗ ನಿನ್ನ ರಮಿತಾ ಸಣ್ಣದು. ನನಗೆ ಧೈರ್ಯ ಬರಲಿಲ್ಲ. ಬಾಯಿ ಬಿಡಬೇಡ ಅಂತ ಅವನಿಂದ ಆಣೆ ಹಾಕಿಸಿಕೊಂಡೆ."

"ಪ್ರತಿ ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸುವ ದಿನ ನಿನಗೊಂದು ಎಲೆ ಹಾಕಿದ್ದೇನಲ್ಲ ನಾನು! ಒಂದು ವರ್ಷವೂ ಕಾಗೆ ಮುಟ್ಟಲಿಲ್ಲ. ಮಳೆಯಲ್ಲಿ ಕೊಡೆ ಹಿಡಿದುಕೊಂಡು ಕಾ ಕಾ ಅಂತ ಕರೆದು ಗಂಟಲು ಹರೀತು."

"ಎಂತ ಬಡಿಸ್ತಿದ್ದಿ?"

"ಬಂಗುಡೆ ಮೀನಿನ ಪುಳಿಮುಂಚಿ. ಕೋಳಿ. ನಿನ್ನ ಬೀಡಿ ಕೂಡ ಇಟ್ಟೆ."

"ಬಂಗುಡೆ ಇಟ್ಟರೂ ಕಾಗೆ ಬರಲಿಲ್ವಾ!" ಈ ಸಲ ಅವನಿಗೆ ನಿಜಕ್ಕೂ ನಗು ಬಂತು. ಅವಳಿಗೂ ಬಂತು, ಬಂದದ್ದೇ ಅಳುವಾಯಿತು.

"ಅವನಿಗೆ ಏನೋ ಆಸೆ ಉಳಿದಿದೆ ಅಂದರು ಎಲ್ಲ. ಮರುವರ್ಷ ಇನ್ನೊಂದು ಬಗೆ ಮಾಡಿ ಬಡಿಸಿದೆ. ಅಮ್ಮ ಒಬ್ಬಳೇ, ಬದುಕಿದ್ದವನ ಎಲೆಗೆ ಕಾಗೆ ಬಾಯಿ ಹಾಕೀತಾ, ಅದಕ್ಕೆ ಬುದ್ಧಿ ಉಂಟು, ನಿನಗಿಲ್ಲ ಅಂತ ಹೇಳುವಳು. ಆ ದಿನ ಅವಳು ಊಟವನ್ನೇ ಮಾಡುತ್ತಿರಲಿಲ್ಲ. ನಾನು ಸುಮ್ಮನಿರಲಿಲ್ಲ ದೇಜು. ಹುಚ್ಚು ಮುದುಕಿ, ಸತ್ತವನನ್ನು ನೆಮ್ಮದಿಯಿಂದ ಹೋಗಲಿಕ್ಕಾದರೂ ಬಿಡು ಅಂತ ಬೈದೆ. ನೆಂಟರ ಎದುರೇ ಬೈದೆ."

ದೇಜಪ್ಪ ಮಡಿಸಿಟ್ಟ ನೆವರಿಗಳನ್ನು ಬಾಣಲೆಗೆ ಬಿಟ್ಟ. ಒಂದು ಕೈತಪ್ಪಿ ನೆಲಕ್ಕೆ ಬಿತ್ತು. "ಹಾಗಾದರೆ ಅವಳೊಬ್ಬಳಿಗಾದರೂ ಗೊತ್ತಿತ್ತು," ಎಂದ. ಬಾಣಲೆಯನ್ನೇ ನೋಡುತ್ತ, "ಈಗ ಕಣ್ಣು ಕಾಣ್ತದಾ ಅವಳಿಗೆ? ನನ್ನನ್ನು ನೋಡಿದರೆ ಗುರುತು ಹಿಡೀತಾಳಾ?" ಎಂದು ಕೇಳಿದ.

ಚಂದ್ರಬಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಈಗ ಎರಡು ಎಲೆ ಹಾಕುತ್ತೇನೆ," ಎಂದಳು.

ಓಣಿಯ ಆಚೆ ಯಾರದೋ ಮನೆಯ ಹಾಡು ಮುಗಿದು ಇನ್ನೊಂದು ಶುರುವಾಯಿತು. ಬಾಣಲೆಯಲ್ಲಿದ್ದ ನೆವರಿಗಳು ಕೆಂಪಾದವು, ಮತ್ತೆ ಕಪ್ಪಾದವು. ಜಾಲರಿ ಸೌಟು ಅವನ ಕೈಯಲ್ಲೇ ಇತ್ತು. ಅವನು ತಲೆಯ ಮೇಲಿದ್ದ ಕೆಂಪು ಟೊಪ್ಪಿಯನ್ನು ತೆಗೆದು ಕೆಳಗಿಟ್ಟ.

"ಅಮ್ಮನ ಎಲೆಯನ್ನು ಕಾಗೆ ಮುಟ್ಟುತ್ತದಲ್ಲ?"

"ಅವಳು ಹೋಗಿ ಎಂಟು ವರ್ಷ ಆಯಿತು," ಎಂದಳು ಚಂದ್ರಬಾಯಿ. "ಇನ್ನೂ ಇಲ್ಲ."