ಅತ್ತೆಯ ಕನ್ನಡಕ

ಸಂಜೆಯಾದರೆ ಹುಬ್ಬಳ್ಳಿಯ ಆ ಮನೆಯ ನಾಲ್ವರೂ ಟೀವಿ ಮುಂದೆ ಒಂದೇ ಸೋಫಾದಲ್ಲಿ ಕೂತು ತಂತಮ್ಮ ಕನ್ನಡಕ ಏರಿಸಿಕೊಳ್ಳುತ್ತಿದ್ದರು. ಪರದೆ ಒಂದೇ ಆದರೂ ಅವರವರ ಮನಸ್ಸಿಗೆ ಒಪ್ಪುವ ಕಥೆಯನ್ನು ಟೀವಿಯೇ ಹೆಣೆದು ಅವರವರ ಕನ್ನಡಕದೊಳಗೆ ತೋರಿಸುತ್ತಿತ್ತು. ಅಪ್ಪ ಬಿದ್ದು ಬಿದ್ದು ನಗುವಾಗ ಪಕ್ಕದಲ್ಲೇ ಮಗಳು ಕಣ್ಣೊರೆಸಿಕೊಂಡರೂ ಯಾರೂ ಏನೆಂದು ಕೇಳುತ್ತಿರಲಿಲ್ಲ. ಇನ್ನೊಬ್ಬರ ಕಥೆ ಏನೆಂದು ಕೇಳುವುದೆಂದರೆ ಸಂಬಳ ಎಷ್ಟೆಂದು ಕೇಳಿದ ಹಾಗೆ.

ಪ್ರಭಾವತಿಗೆ ಮಾತ್ರ ಅತ್ತೆ ನೀಲವ್ವನ ಕಥೆಯ ಮೇಲೆ ಗುಮಾನಿ. ಮುದುಕಿ ನೋಡುತ್ತ ನೋಡುತ್ತ ತನ್ನಷ್ಟಕ್ಕೇ ನಗುತ್ತಿದ್ದಳು. ತನ್ನದೇ ಮುಖದ ಸೊಸೆಯೊಬ್ಬಳು ಅದರಲ್ಲಿ ದಿನಾ ಬೈಸಿಕೊಳ್ಳುತ್ತಿರಬೇಕು ಎಂದು ಪ್ರಭಾವತಿಯ ಲೆಕ್ಕಾಚಾರ. ಇವತ್ತು ಅತ್ತೆ ಬಚ್ಚಲಿಗೆ ಎದ್ದು ಹೋದದ್ದೇ ತಡ, ಆ ಕನ್ನಡಕ ಎತ್ತಿ ಹಾಕಿಕೊಂಡಳು.

ಕಥೆಯಲ್ಲಿ ಇದೇ ಸೋಫಾ ಇತ್ತು, ಇದೇ ನಾಲ್ವರಿದ್ದರು. ಯಾರೂ ಕನ್ನಡಕ ಹಾಕಿರಲಿಲ್ಲ. ಗಂಡ ಕ್ರಿಕೆಟ್ ಬೇಕೆನ್ನುತ್ತಿದ್ದ, ಮಗಳು ಹಾಡು ಬೇಕೆಂದು ಹಟ ಹಿಡಿದಿದ್ದಳು. ಎಂದೋ ಮೂಲೆ ಸೇರಿದ್ದ ರಿಮೋಟನ್ನು ಅತ್ತೆ ಸೆರಗಿನೊಳಗೆ ಬಚ್ಚಿಟ್ಟುಕೊಂಡಿದ್ದಳು. ಪ್ರಭಾವತಿ ಅದನ್ನು ಕಿತ್ತುಕೊಳ್ಳಲು ಹೋಗಿ ಅವಳ ಮಡಿಲಿಗೇ ಬಿದ್ದಿದ್ದಳು. ನಾಲ್ವರೂ ಒಟ್ಟಿಗೆ ನಗುತ್ತಿದ್ದರು.

ನೀಲವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಪ್ರಭಾವತಿ ಕನ್ನಡಕ ತೆಗೆದು ಕೊಟ್ಟಳು.

"ನೋಡಿದೇನ?"

"ಹೂಂನ್ರೀ ಅತ್ತಿ."

"ರಿಮೋಟ ಯಾರಿಗೆ ಸಿಕ್ತು?"

"ಇನ್ನೂ ನಿಮ್ಮ ಸೆರಗಿನಾಗ ಐತ್ರಿ," ಎಂದಳು ಪ್ರಭಾವತಿ. "ಕೊಡಬ್ಯಾಡ್ರಿ."