ಗೌರವ್ವನ ಕುಡಿ

ಆಗ ಮನುಷ್ಯರ ನೆತ್ತಿಯ ಮೇಲೆ ಕುಡಿ ಚಿಗುರುತ್ತಿತ್ತು. ಮನೆಯ ಯಜಮಾನಿಯ ಕುಡಿಯಿಂದಿಳಿಯುವ ರಸ ಮನೆಯ ಉಳಿದವರ ಮೊಗ್ಗು ಅರಳದಂತೆ ಅಡಗಿಸಿಬಿಡುತ್ತಿತ್ತು. ನಾಳೆಯೇ ಮದುವೆ, ಮದುಮಗ ಚನ್ನವೀರನ ನೆತ್ತಿ ಮಾತ್ರ ಬೋಳು. ಹೂವಿಲ್ಲದ ವರನನ್ನು ಬೀಗರು ಒಪ್ಪುತ್ತಿರಲಿಲ್ಲ.

"ಅವ್ವಾ, ನಿನ್ನ ಕುಡಿ ಒಂಚೂರು ಚಿವುಟಿಸ್ಕೊ," ಎಂದು ಅವನು ತಾಯಿ ಗೌರವ್ವನ ಕಾಲು ಹಿಡಿದ.

"ಲಗ್ನಾಗಿ ಬಂದಾಗಿಂದ ಬೆಳೆಸೇನೋ!" ಎಂದು ಗೊಣಗುತ್ತಲೇ ಅವಳು ಕತ್ತರಿಗೆ ತಲೆಯೊಡ್ಡಿದಳು.

ಬೆಳಗಾಗುವಷ್ಟರಲ್ಲಿ ಚನ್ನವೀರನ ತಲೆಯ ಮೇಲೆ ಪುಟ್ಟ ಸೇವಂತಿಗೆ ಅರಳಿತ್ತು. ಅವನಪ್ಪ ಶಿವಲಿಂಗಪ್ಪನ ತಲೆಯಲ್ಲಿ ಅರಳಿದ್ದು ಮಾತ್ರ ತಾಟಿನಷ್ಟಗಲದ ಸೂರ್ಯಕಾಂತಿ! ಅವನು ಕನ್ನಡಿ ಬಿಟ್ಟು ಏಳಲೇ ಇಲ್ಲ.

"ಏನ್ರೀ, ಮದುವಿ ನಿಮ್ದೋ, ಮಗಂದೋ?"

"ಬೀಗರು ಬರ್ಲಿ, ಅವರೇ ಹೇಳ್ತಾರ."

ಬಂದ ಬೀಗರು ಹೂವಿನ ಗಾತ್ರ ನೋಡಿ ಶಿವಲಿಂಗಪ್ಪನ ಕೊರಳಿಗೇ ಹಾರ ಹಾಕಿದರು. ಗೌರವ್ವ ಅದನ್ನು ಕಿತ್ತು ಮಗನಿಗೆ ಹಾಕಿ, ಗಂಡನ ತಲೆಗೆ ಬಿಗಿಯಾಗಿ ರುಮಾಲು ಸುತ್ತಿದಳು.