ಕೊಟ್ಟ ರಾಗ

ಕಲಿಸಿದ ರಾಗ ಕಲಿಸಿದವರಲ್ಲಿ ಉಳಿಯುತ್ತಿರಲಿಲ್ಲ. ಶಿಷ್ಯರ ಕೊರಳಿಗೆ ಹತ್ತಿದ ಗಳಿಗೆಯೇ ಗುರುವಿಗೆ ಪೂರಾ ಮರೆತುಹೋಗುತ್ತಿತ್ತು. ಅದಕ್ಕೇ ಧಾರವಾಡದ ಆ ಸಂಗೀತ ಶಾಲೆಯ ಮಾಸ್ತರರೆಲ್ಲ ಬೆಳಗಾದರೆ ಯಾರಾದರೊಬ್ಬರ ಮುಂದೆ ಕಲಿಯಲು ಕೂಡುತ್ತಿದ್ದರು. ವಾಸಂತಿಬಾಯಿ ಭೀಮಪಲಾಸ ಒಂದನ್ನು ಮಾತ್ರ ಯಾರಿಗೂ ಕೊಡದೆ ಕಾಪಾಡಿಕೊಂಡು ಬಂದಿದ್ದರು. ಆದರೆ ಈ ವಾರ ಜ್ವರ ಬಂದು ಮಲಗಿದ್ದರಿಂದ ಹೊಸತೇನೂ ಕಲಿತಿರಲಿಲ್ಲ; ಕಲಿಸಲು ಅದೊಂದೇ ಉಳಿದಿತ್ತು. ಕಲಿಸದೆ ಕೂತವರಿಗೆ ಅಲ್ಲಿ ನೌಕರಿ ಇರಲಿಲ್ಲ.

“ಅದೊಂದು ನಿಮ್ಮ ಹತ್ರನ ಇರ್ಲಿ ಬಿಡ್ರಿ ಅಕ್ಕಾರ,” ಎಂದಳು ಶಿಷ್ಯೆ ದಾಕ್ಷಾಯಣಿ.

“ಇಟ್ಕೊಂಡು ಉಪ್ಪಿನಕಾಯಿ ಹಾಕ್ಲೇನು? ತಂಬೂರಿ ತಗೋ.”

ಪದ್ಧತಿಯಂತೆ ವಾಸಂತಿಬಾಯಿಯವರು ಮೊದಲು ತಾವೇ ಅದನ್ನು ಕಡೆಯ ಸಲ ಹಾಡಿದರು. ಆಮೇಲೆ ಒಂದೊಂದೇ ಸ್ವರ ಹಿಡಿಸುತ್ತ ಹೋದರು. ಹೊತ್ತು ಇಳಿಯುವಾಗ ದಾಕ್ಷಾಯಣಿ ಕಣ್ಣು ಮುಚ್ಚಿ, ಎಲ್ಲೂ ತಡವರಿಸದೆ ರಾಗವನ್ನು ಹಾಡಿ ಮುಗಿಸಿದಳು.

ಬಾಯಿಯವರು ಬೆರಗಾಗಿ ಕೂತಿದ್ದರು. ಇಷ್ಟು ಚೆಂದದ್ದನ್ನು ಹುಟ್ಟಿದಾಗಿನಿಂದ ಕೇಳಿಯೇ ಇಲ್ಲ ಎನಿಸಿತು ಅವರಿಗೆ.

“ಯಾವ ರಾಗವ್ವಾ ಇದು? ನಿನಗ ಯಾರು ಹೇಳಿಕೊಟ್ರು?” ಅವರು ಇನ್ನಷ್ಟು ಹತ್ತಿರ ಸರಿದು, ಮಗುವಿನ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು. “ನನಗೂ ಕಲಿಸವಾ. ಇವತ್ತ ಶುರು ಮಾಡೋಣ.”

ದಾಕ್ಷಾಯಣಿ ಒಂದು ಸ್ವರವೂ ಹೊರಬೀಳದಂತೆ ತುಟಿ ಬಿಗಿಹಿಡಿದು ಎದ್ದಳು. ಬಾಗಿಲ ಬಳಿ ಅವಸರದಿಂದ ಚಪ್ಪಲಿ ಹುಡುಕತೊಡಗಿದಳು.